ಮಧ್ಯಾಹ್ನದ ಊಟವಾದ ಮೇಲೆ

ರೋಗಿ ಶಿವಶರಣರ ಕಣತಲೆಗೆ ರಕ್ತದ ಹರಿವು ಅಳೆಯುವ ಯಂತ್ರದ ಪ್ರೋಬ್ ಒತ್ತಿದೆ. ಯಂತ್ರ ಸಿಳ್ಳೆ ಹಾಕಿತು. ಆ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೆದುಳಲ್ಲಿ ರಕ್ತಸ್ರಾವವಾದ ಕೆಲವು ದಿನಗಳ ಮೇಲೆ ನಾಳಗಳು ಸೆಟೆದುಕೊಂಡು ಕಿರಿದಾಗುತ್ತವೆ. ಅಲ್ಲಿ ರಕ್ತ ಜೋರಾಗಿ ನುಗ್ಗುವುದೇ ಆ ಸಿಳ್ಳೆ, ಆಚೆ ತಲುಪುವುದು ಮಾತ್ರ ಕಡಿಮೆ. ಹಾಗೆ ಹರಿವು ಕುಗ್ಗುವುದನ್ನು ಅಳೆಯುವುದೇ ಒಮಾನಿನ ನಿಜ್ವಾ ಊರಿನ ಈ ಆಸ್ಪತ್ರೆಯಲ್ಲಿ ನನ್ನ ಅಧ್ಯಯನ.

"ಕೈ ಎತ್ತಿ ನೋಡುವ," ಎಂದೆ.

ಬಲಗೈ ಏಳಲಿಲ್ಲ. ಬೆಳಿಗ್ಗೆ ಇದೇ ಕೈ ನನ್ನ ಬೆರಳು ಹಿಂಡಿತ್ತು, "ಆರಾಮ ಅದೀನ್ರಿ" ಅಂತಲೂ ಅಂದಿದ್ದರು. ಈಗ ಮಾತೇ ಇಲ್ಲ.

"ಬಿಪಿ ಮತ್ತೆ ಬಿತ್ತು, ಪ್ರಿನ್ಸಿ ಡಾಕ್ಟ್ರೇ," ಎಂದಳು ನರ್ಸ್ ಜೊವಿಟಾ. "ನಿನ್ನೆ ಸಹ ಊಟ ಆದ ಮೇಲೆಯೇ. ಡ್ರಿಪ್ ಏರಿಸಿದ್ದೇನೆ."

ಮೆದುಳಲ್ಲಿ ನಾಳ ಒಡೆದ ಜಾಗವನ್ನು ಮೊದಲೇ ಮುಚ್ಚಿಯಾಗಿತ್ತು. ಇನ್ನು ಬಿಪಿ ಎತ್ತರದಲ್ಲಿದ್ದರೇ ಆ ಕಿರಿದಾದ ನಾಳದಾಚೆಗೆ ರಕ್ತ ಹೋಗುವುದು. ನಾವು ಏರಿಸಿದಷ್ಟೂ ಅದು ಇಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಕೈಯೂ ಬರಲಿಲ್ಲ, ಮಾತೂ ಬರಲಿಲ್ಲ. ಸಂಜೆಯೊಳಗೆ ಸುಧಾರಿಸದಿದ್ದರೆ ಮಸ್ಕತ್ತಿಗೆ ಕಳಿಸಿ, ತೊಡೆಯಿಂದ ತಂತಿ ಹಾಯಿಸಿ ನಾಳ ಅಗಲಿಸಬೇಕು. ಆ ತಂತಿಗೆ ನಾಳ ಹರಿದರೆ ಜೀವವೇ ಹೋದೀತು. ಆಂಬುಲೆನ್ಸಿಗೆ ಹೇಳಿಟ್ಟೆ.

ಅಂದು ಮಧ್ಯಾಹ್ನ ಊಟಕ್ಕೆ ಹೋಗದೆ ಅಲ್ಲೇ ಕುಳಿತೆ. ಊಟವಾದ ಮೇಲೆಯೇ ಬಿಪಿ ಏಕೆ ಬೀಳುತ್ತದೆಂದು ನೋಡಬೇಕಿತ್ತು. ಶಿವಶರಣರ ಹೆಂಡತಿ ಬಸಕ್ಕ ಡಬ್ಬಿ ಹಿಡಿದು ಬಂದರು. ಆಸ್ಪತ್ರೆಯ ಊಟ ಗಂಡನಿಗೆ ಸೇರದೆಂದು ಮನೆಯ ಅನ್ನಕ್ಕೆ ನಾನೇ ಒಪ್ಪಿದ್ದೆ. ಮೊಸರನ್ನದ ತುತ್ತುಗಳು ನಿಧಾನವಾಗಿ ಇಳಿದವು. ಕೊನೆಯ ತುತ್ತಿನ ಹೊತ್ತಿಗೆ ಬಸಕ್ಕ ಪರ್ಸಿನಿಂದ ಏನನ್ನೋ ತೆಗೆದು ಅನ್ನದೊಳಗೆ ಒತ್ತಿದರು. ಶಿವಶರಣರು ಬಾಯಿ ತೆರೆದರು.

"ನಿಲ್ಲಿಸಿ! ಎಂತ ಕೊಡ್ತಿದ್ದೀರಿ ನೀವು?"

"ಬಿಪಿ ಗುಳಿಗಿರಿ. ಗದಗದಿಂದ ತಂದಿದ್ದು."

ಊರಿಗೆ ಹೋದವರೆಲ್ಲ ಉಪ್ಪಿನಕಾಯಿಯ ಜೊತೆಗೆ ವರ್ಷದ ಗುಳಿಗೆಯನ್ನೂ ಸೂಟ್‌ಕೇಸಿನಲ್ಲಿ ತುಂಬಿ ತರುತ್ತಾರೆ. ನಮ್ಮ ಮನೆಯ ಕಪಾಟಿನಲ್ಲೂ ಇದೆ. ಆದರೂ ನನಗೆ ಹೊಳೆದಿರಲಿಲ್ಲ.

"ಯಾರನ್ನು ಕೇಳಿ ಕೊಟ್ಟದ್ದು? ಗಂಡನನ್ನು ಕೊಲ್ಲಬೇಕಂತ ಉಂಟಾ?"

ಆಡಬಾರದ ಮಾತು ಆಡಿಯಾಗಿತ್ತು. ಬಸಕ್ಕನ ಮುಖ ಬಿಳಿಚಿಕೊಂಡಿತು.

"ಬಿಪಿಯಿಂದನ ನರ ಒಡೀತು ಅಂತ ಎಲ್ಲಾರೂ ಅಂದ್ರಿ. ಡ್ಯೂಟಿ ಗಡಿಬಿಡ್ಯಾಗ ಅವ್ರು ಗುಳಿಗಿ ತಪ್ಪಸ್ತಿದ್ರು, ನಾನೂ ಸುಮ್ನಿದ್ದೆ. ಅದಕ್ಕ ಇಲ್ಲಿ ಒಂದ್ ದಿನಾನೂ ತಪ್ಪಿಸಿಲ್ರಿ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಪಕ್ಕದಲ್ಲಿ ಕುಳಿತೆ.

"ನಿಮ್ಮ ಯಜಮಾನರು ನೀರಿನ ಪಂಪಿನ ಇಂಜಿನಿಯರ್ ಅಲ್ವಾ? ಪೈಪ್ ಕಟ್ಟಿಕೊಂಡಿರುವಾಗ ಪ್ರೆಶರ್ ಸಹ ಇಳಿಸಿದ್ರೆ ಎಂತ ಆಗ್ತದೆ?"

"ಮ್ಯಾಲಿನ ಮನಿಗೆ ನೀರ ಏರಂಗಿಲ್ರಿ," ಎಂದವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಗುಳಿಗೆ ಜೊವಿಟಾಳ ಕೈ ಸೇರಿತು. ಆಮೇಲೆ ಕಾಯುವುದೊಂದೇ ಕೆಲಸ. ಬಿಪಿ ಸ್ವಲ್ಪ ಸ್ವಲ್ಪವೇ ಏರಿತು. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಮಸ್ಕತ್ತಿನಿಂದ ಫೋನ್ ಬಂದಾಗ, ಇನ್ನು ಸ್ವಲ್ಪ ಹೊತ್ತು ಕೊಡಿ ಎಂದು ಬೇಡಿಕೊಂಡೆ. ಬಸಕ್ಕ ಹಾಸಿಗೆಯ ಹತ್ತಿರ ಸುಳಿಯಲೇ ಇಲ್ಲ. ಗೋಡೆಗೆ ಆನಿಕೊಂಡು, ತಮ್ಮ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು.

ಸಂಜೆ ಮತ್ತೆ ಪ್ರೋಬ್ ಒತ್ತಿದೆ. ಸಿಳ್ಳೆ ಹಾಗೆಯೇ ಇತ್ತು, ಆದರೆ ಬಿಪಿ ಇಳಿಯದೆ ಎತ್ತರದಲ್ಲೇ ನಿಂತಿತ್ತು.

"ಕೈ ಎತ್ತಿ ನೋಡುವ."

ಬೆರಳು ಅಲುಗಿತು. ಬಲಗೈ ನಡುಗುತ್ತ ಮೇಲೆದ್ದು ಗೋಡೆಯ ಕಡೆಗೆ ಚಾಚಿತು. ಶಿವಶರಣರು ಹೆಂಡತಿಯನ್ನು ನೋಡಿ ತುಟಿ ಅಲುಗಿಸಿದರು.

"ಗುಳಿಗಿ..." ಎಂದರು. "ಇವತ್ತ ಗುಳಿಗಿ ಕೊಡಲಿಲ್ಲಲ್ಲ ನೀ?"

ಬಸಕ್ಕ ನಿಂತಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತರು.