ಎದ್ದು ಹೋದ ಮಾವ ವಾಪಸ್ ಬಂದದ್ದು ಯಾಕೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಆ ಎರಡಕ್ಕಿಂತ ಕಷ್ಟದ ಮೂರನೆಯದೊಂದಿದೆ: ಮದುವೆಯ ಮೇಲೆ ಜನ ನಗುವಂಥ ಸಿನಿಮಾ ಬರೆದು ನೋಡುವುದು. ಲಮ್ರಿಯಾ ಹದಿನಾಲ್ಕು ತಿಂಗಳಿಂದ ಆ ಕೆಲಸದಲ್ಲೇ ಬಿದ್ದಿದ್ದಳು. ಸೋಮವಾರ ತೋಬಾ ಸರೋವರದ ದಡದ ಬಾಲಿಗೆ ಎಂಬ ಊರಿನಲ್ಲಿ ಚಿತ್ರೀಕರಣ ಶುರುವಾಗಬೇಕು. ಇವತ್ತು ಶುಕ್ರವಾರ. ಎಪ್ಪತ್ತೊಂದನೆಯ ಪುಟ ಮಾತ್ರ ಇನ್ನೂ ಖಾಲಿ.

ಕಥೆಯೇನೋ ಸರಳ. ಆ ಸೀಮೆಯ ಬಾತಾಕ್ ಜನಾಂಗದ ಹುಡುಗಿಯ ಮದುವೆ. ಅಲ್ಲಿ ಹಂದಿಯ ಯಾವ ತುಂಡು ಯಾರಿಗೆ ಎಂಬುದು ಮುತ್ತಜ್ಜಂದಿರ ಕಾಲದಿಂದ ಗೊತ್ತುಮಾಡಿರುವ ಲೆಕ್ಕ. ಪಕ್ಕೆಲುಬು ಹುಡುಗಿಯ ಸೋದರಮಾವನಿಗೆ, ಬಾಲದ ಕಡೆಯದು ಮದುವೆ ಮಾಡುವ ಮನೆಯವರಿಗೆ. ಅಡುಗೆಯವರು ಪೊಟ್ಟಣಗಳನ್ನು ಅದಲುಬದಲು ಮಾಡುತ್ತಾರೆ, ಸೋದರಮಾವನ ಕೈಗೆ ಬಾಲ ಬರುತ್ತದೆ, ಅವನು ಚಪ್ಪರ ಹಾರುವಂತೆ ಕೂಗಾಡಿ ಎದ್ದು ಹೋಗುತ್ತಾನೆ. ಅವನು ಬಂದು ಉಲೋಸ್ ಎನ್ನುವ ಕೈಮಗ್ಗದ ಶಲ್ಯವನ್ನು ಮದುಮಕ್ಕಳ ಹೆಗಲಿಗೆ ಹೊದಿಸದಿದ್ದರೆ ಮದುವೆ ಪೂರ್ತಿಯಾಗದು. ಹಾಗಾಗಿ ಇಡೀ ಬಳಗ ಅವನ ಬೆನ್ನು ಹತ್ತುತ್ತದೆ. ಕೊನೆಗೆ ಅವನು ಬರುತ್ತಾನೆ, ಎಲ್ಲರೂ ಕುಣಿಯುತ್ತಾರೆ, ಮುಗಿಯಿತು.

ಬೆಳಿಗ್ಗೆ ಜಕಾರ್ತದಿಂದ ನಿರ್ಮಾಪಕ ವಿಬಿಸೋನೊ ಫೋನು ಮಾಡಿದ್ದ.

"ಲಮ್ರಿಯಾ, ಆ ಮಾವ ಸಿಟ್ಟು ಮಾಡ್ಕೊಂಡು ಎದ್ದು ಹೋಗೋದು ಓದಿ ನಕ್ಕೂ ನಕ್ಕೂ ಸಾಕಾಯ್ತು. ಆದ್ರೆ ವಾಪಸ್ ಯಾಕೆ ಬಂದ?"

"ಸೊಸೆ ಮೇಲಿನ ಪ್ರೀತಿಯಿಂದ."

"ಪ್ರೀತಿ ಎದ್ದು ಹೋಗೋವಾಗ ಎಲ್ಲಿತ್ತು? ನಂಗೆ ಕಾರಣ ಬೇಕು. ಭಾನುವಾರದ ಒಳಗೆ ಕೊಡಿ. ಇಲ್ಲಾಂದ್ರೆ ಇಲ್ಲಿ ಇನ್ನೊಬ್ರು ಬರೆದಿಟ್ಟಿದ್ದಾರೆ. ಮಾವ ಸರೋವರಕ್ಕೆ ಬೀಳ್ತಾನೆ, ಮದುಮಗ ಹಾರಿ ಎತ್ತುತ್ತಾನೆ, ಮಾವನ ಸಿಟ್ಟು ನೀರಲ್ಲಿ ಹೋಗತ್ತೆ."

ಸರೋವರದ ಮಾತು ಲಮ್ರಿಯಾ ಒಪ್ಪುವಂಥದ್ದಲ್ಲ. ಏಕೆಂದರೆ ಆ ಮಾವ ಕಟ್ಟುಕಥೆಯ ಮಾವನಲ್ಲ. ಎಂಟು ವರ್ಷದ ಹಿಂದೆ ಜಕಾರ್ತದಲ್ಲಿ ನಡೆದ ಅವಳದೇ ಮದುವೆಯಲ್ಲಿ ಅವಳ ಸೋದರಮಾವ ಮರೊಲೊಪನಿಗೆ ನಿಜವಾಗಿಯೂ ತಪ್ಪು ತುಂಡು ಹೋಗಿತ್ತು. ಅವನು ಏನೋ ಹೇಳಿ ಎಲ್ಲರನ್ನೂ ನಗಿಸಿದನಂತೆ. ಅವಳು ಆಗ ಫೋಟೋದವರ ನಡುವೆ ಸಿಕ್ಕಿಬಿದ್ದಿದ್ದಳು, ನಗು ಕೇಳಿಸಿತ್ತು, ಮಾತು ಕೇಳಿಸಿರಲಿಲ್ಲ. ಅಷ್ಟನ್ನೇ ಬೀಜ ಮಾಡಿಕೊಂಡು ಕೂಗಾಟ, ಎದ್ದು ಹೋಗುವುದು ಎಲ್ಲವನ್ನೂ ಅವಳು ತಾನೇ ಕಲ್ಪಿಸಿ ಬರೆದಳು. ಬಾಲಿಗೆಯ ಜನ ಸಿನಿಮಾ ನೋಡಿದ ಮರುದಿನವೇ ಇವನು ಇಂಥವನೇ ಎಂದು ಗುರುತು ಹಿಡಿಯುತ್ತಾರೆ. ಆಮೇಲೆ ಮಾವ ಪೇಟೆಗೆ ಹೋದರೆ ನೀರು ತಣ್ಣಗಿತ್ತಾ ಎಂದು ಕೇಳದೆ ಬಿಟ್ಟಾರೆಯೇ? ಒಂಬತ್ತನೆಯ ವಯಸ್ಸಿಗೆ ತಾಯಿ ತೀರಿಕೊಂಡಾಗ ಅವಳನ್ನು ಕರೆದು ತಂದು ಏಳು ವರ್ಷ ಅನ್ನ ಹಾಕಿದ ಮನುಷ್ಯ ಅವನು. ಅವನನ್ನು ಊರ ಮುಂದೆ ನೀರಿಗೆ ತಳ್ಳಿಸಿದ ಸೊಸೆ ಎಂಬ ಹೆಸರು ಅವಳಿಗೆ ಬೇಡವಾಗಿತ್ತು.

ಚಿತ್ರೀಕರಣಕ್ಕೆಂದು ಆಗಲೇ ಬಾಲಿಗೆಗೆ ಬಂದಿದ್ದ ಅವಳು ಮಧ್ಯಾಹ್ನ ಕಡತ ಹಿಡಿದು ಅದೇ ಊರಿನ ಮಾವನ ಮನೆಗೆ ಹೋದಳು. ಮರೊಲೊಪನಿಗೆ ಈಗ ಎಪ್ಪತ್ತೊಂದು. ನಲವತ್ತು ವರ್ಷ ಊರ ಮದುವೆಗಳಲ್ಲಿ ಒಂದು ಪಕ್ಷದ ಪರವಾಗಿ ನಿಂತು ಮಾತಾಡಿದ ಬಾಯಿ ಅದು. ಅವನ ಒಂದು ಗಾದೆಗೆ ಎದುರು ಪಕ್ಷದವರು ಎರಡು ಗಾದೆ ಹುಡುಕಿಕೊಂಡು ಬರಬೇಕು. ಜಗಲಿಯಲ್ಲಿ ಅತ್ತೆ ತಿಯಾರ್ಮಾ ಕಾಲು ಚಾಚಿ ಕೂತು, ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಉಲೋಸ್ ನೇಯುತ್ತಿದ್ದಳು.

"ಬಾ, ಸಿನಿಮಾದವಳೇ. ಊಟ ಆಯ್ತಾ?" ಅಂದಳು ಅತ್ತೆ.

"ಆಯ್ತು ಅತ್ತೆ."

"ಸುಳ್ಳು. ಜಕಾರ್ತದವರು ಊಟ ಮಾಡ್ತಾರಾ, ಮೇಯ್ತಾರೆ. ಒಳಗೆ ಮೀನು ಸಾರಿದೆ, ಹಾಕ್ಕೊಂಡು ಬಾ."

ನಾಲಿಗೆ ಜುಮ್ಮೆನ್ನಿಸುವ ಆಂದಾಲಿಮಾನ್ ಕಾಳು ಹಾಕಿದ ಆ ಸಾರು ಉಂಡ ಮೇಲೆ ಲಮ್ರಿಯಾಳಿಗೆ ಸ್ವಲ್ಪ ಧೈರ್ಯ ಬಂತು. ಮದುವೆಯ ಮಾತುಗಳು ಸರಿಯಾಗಿವೆಯೇ ನೋಡಿ ಹೇಳಿ ಮಾವ ಎಂದು ಪೀಠಿಕೆ ಹಾಕಿ, ಜಗಲಿಯಲ್ಲಿ ಕೂತು ಓದತೊಡಗಿದಳು. ಮಾವನ ಪಾತ್ರಕ್ಕೆ ಬೇರೆ ಹೆಸರು, ಬೇರೆ ಕುಲ, ದಪ್ಪ ಮೀಸೆ ಎಲ್ಲ ಕೊಟ್ಟಿದ್ದಳು. ಮರೊಲೊಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಎರಡು ಕಡೆ ಗಟ್ಟಿಯಾಗಿ ನಕ್ಕ. ಬಾಲದ ಪೊಟ್ಟಣ ಬಂದ ಕೂಡಲೇ ಕಣ್ಣು ಬಿಟ್ಟ.

"ಮೀಸೆ ಯಾಕೆ ಅಂಟಿಸಿದೆ ನಂಗೆ?"

ಲಮ್ರಿಯಾ ತಲೆ ತಗ್ಗಿಸಿದಳು. ಅತ್ತೆ ಮಗ್ಗ ನಿಲ್ಲಿಸಲಿಲ್ಲ.

"ಮೀಸೆ ಇರ್ಲಿ ಬಿಡಿ. ಮದುವೆ ಆದಾಗಿಂದ ಬಿಡಿ ಅಂದ್ರೂ ಬಿಡ್ಲಿಲ್ಲ. ಸಿನಿಮಾದಲ್ಲಾದ್ರೂ ನೋಡ್ತೀನಿ."

"ಮುಂದೆ ಓದು," ಅಂದ ಮಾವ.

ಓದಿದಳು. ಎಪ್ಪತ್ತರವರೆಗೆ ಓದಿ ನಿಲ್ಲಿಸಿ, ಇದ್ದುದನ್ನು ಇದ್ದ ಹಾಗೆ ಹೇಳಿಬಿಟ್ಟಳು: ವಿಬಿಸೋನೊನ ಫೋನು, ಭಾನುವಾರದ ಗಡುವು, ಸರೋವರ, ತಾನು ಬರೆದಿಟ್ಟ ಕೊನೆಯ ಕುಣಿತ. "ಕೊನೆ ಏನು ಅಂತ ಎಲ್ಲರಿಗೂ ಗೊತ್ತಿರೋದೇ ತೊಂದರೆ ಮಾವ. ಮದುವೆ ನಡೆದೇ ನಡೆಯುತ್ತೆ ಅಂತ ಮೊದಲನೇ ನಿಮಿಷಕ್ಕೇ ಗೊತ್ತು."

"ಅದು ತೊಂದರೆ ಅಂತ ಯಾರು ಹೇಳಿದ್ದು?" ಮರೊಲೊಪ ಎದ್ದು ಕೂತ. "ನಮ್ಮ ಮದುವೆ ಮಾತುಕತೆ ಹೇಗೆ ನಡೆಯುತ್ತೆ? ಎರಡು ಕಡೆಯ ನಾಲ್ಕು ಜನ ಮೊದಲೇ ಗುಟ್ಟಾಗಿ ಕೂತು ಎಲ್ಲಾ ಪಿಸುಮಾತಲ್ಲೇ ಮುಗಿಸಿರ್ತೀವಿ. ಆಮೇಲೆ ಮುನ್ನೂರು ಜನರ ಎದುರು ನಿಂತು, ಏನ್ರಪ್ಪಾ, ಯಾಕೆ ಬಂದ್ರಿ ನಮ್ಮ ಮನೆಗೆ, ಈ ಊಟ ಯಾವ ಸಂತೋಷಕ್ಕೆ ಅಂತ ಏನೂ ಅರಿಯದವರ ಹಾಗೆ ಕೇಳ್ತೀನಿ. ಉತ್ತರ ನಂಗೂ ಗೊತ್ತು, ಅವನಿಗೂ ಗೊತ್ತು, ಮುನ್ನೂರು ಜನಕ್ಕೂ ಗೊತ್ತು. ಆದ್ರೂ ಒಬ್ರೂ ಏಳಲ್ಲ. ಏನಾಗುತ್ತೆ ಅಂತ ನೋಡೋಕೆ ಕೂತಿರಲ್ಲ ಅವರು. ಯಾರ ಯಾರ ಹೆಸರು ಹೇಳ್ತಾರೆ, ಯಾರ ಹೆಸರು ಮರೀತಾರೆ ಅಂತ ನೋಡೋಕೆ ಕೂತಿರ್ತಾರೆ."

"ಹಾಗಾದ್ರೆ ಎದ್ದು ಹೋದೋನು ವಾಪಸ್ ಯಾಕೆ ಬರ್ತಾನೆ ಮಾವ? ನಾನೇ ಕಲ್ಪಿಸಿ ಎಬ್ಬಿಸಿ ಕಳಿಸಿದೀನಿ, ಕರ್ಕೊಂಡು ಬರೋಕೆ ಗೊತ್ತಾಗ್ತಿಲ್ಲ."

ಮರೊಲೊಪ ಹೆಂಡತಿಯ ಕಡೆ ನೋಡಿದ. ಅವಳು ನೂಲು ನೋಡುತ್ತಿದ್ದಳು.

"ಕಲ್ಪಿಸಿದ್ದಲ್ಲ," ಅಂದ ಅವನು. "ಎದ್ದು ಹೋಗಿದ್ದೆ."

ಲಮ್ರಿಯಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

"ಕೂಗಾಡಲಿಲ್ಲ. ಬಚ್ಚಲಿಗೆ ಹೋಗೋನ ಹಾಗೆ ಎದ್ದೆ, ಅಷ್ಟೆ. ಮದುವೆ ಹಾಲ್ ಹಿಂದೆ ಕಾರು ನಿಲ್ಲಿಸೋ ಜಾಗ ಇತ್ತಲ್ಲ, ಅಲ್ಲಿಗೆ ಹೋದೆ. ಸೀದಾ ವಿಮಾನ ಹತ್ತೋಣ ಅಂತಿದ್ದೆ. ಮಾಂಸದ ಆಸೆಗಲ್ಲ ಲಮ್ರಿ. ಪಕ್ಕೆಲುಬು ಕೊಡೋದು ಯಾಕೆ? ಈ ಹುಡುಗಿಯ ತಾಯಿ ಈ ಮನೆಯಿಂದ ಬಂದವಳು ಅಂತ ಎಲ್ಲರ ಎದುರು ಹೇಳೋಕೆ. ಆ ತುಂಡು ತಪ್ಪಿದಾಗ ನನ್ನ ತಂಗಿ ಹೆಸರನ್ನೇ ಮರೆತ ಹಾಗನ್ನಿಸ್ತು. ಅವಳು ಬದುಕಿದ್ದಿದ್ರೆ ಸೆರಗು ಕಟ್ಟಿ ಅಡುಗೆಯವರ ತಲೆ ಮೇಲೆ ನಿಂತಿರೋಳು, ತುಂಡು ತಪ್ತಿರ್ಲಿಲ್ಲ. ಅದೇ ತಲೇಲಿ ಕೂತುಬಿಡ್ತು."

ಆ ದಿನ ತನ್ನ ಚಿಂತೆಯೆಲ್ಲ ಹಿಮ್ಮಡಿ ಎತ್ತರದ ಚಪ್ಪಲಿಯದಾಗಿತ್ತು ಎಂದು ನೆನೆದು ಲಮ್ರಿಯಾಳಿಗೆ ನಾಚಿಕೆಯಾಯಿತು.

"ಮತ್ತೆ?"

"ಟಿಕೆಟು ನೋಡೋಣ ಅಂತ ಚೀಲ ತೆಗೆದೆ. ಟಿಕೆಟಿನ ಮೇಲೆ ಇವಳು ನೇಯ್ದ ಉಲೋಸ್ ಮಡಿಸಿಟ್ಟಿತ್ತು. ಹೊರಡೋವಾಗ ಇವಳು ಏನಂದಿದ್ಳು ಕೇಳು."

"ಅಂದಿದ್ದೆ," ಅತ್ತೆ ಈಗ ತಲೆ ಎತ್ತಿದಳು. "ಮಂಡಿ ನೋವು ಅಂತ ನಾನು ಬರೋ ಹಾಗಿರ್ಲಿಲ್ಲ. ಐದು ತಿಂಗಳು ನೇಯ್ದಿದ್ದೆ. ಇವರ ಮೂಗಿನ ತುದಿ ಸಿಟ್ಟು ನಂಗೊತ್ತಿಲ್ವಾ? ರೀ, ಈ ಬಟ್ಟೆ ಹುಡುಗಿ ಹೆಗಲ ಮೇಲೆ ಉಳೀಬೇಕು. ಮಡಿಸಿದ್ದು ಮಡಿಸಿದ ಹಾಗೇ ವಾಪಸ್ ಬಂದ್ರೆ ನೀವು ಹಂದಿಗೂಡಲ್ಲಿ ಮಲಗಿ ಅಂದೆ."

"ಹಂದಿಗೂಡು ಸಣ್ಣದು," ಅಂದ ಮರೊಲೊಪ. "ಅದಕ್ಕೇ ವಾಪಸ್ ಹೋದೆ."

ಮೂವರೂ ನಕ್ಕರು. ನಗುತ್ತಲೇ ಲಮ್ರಿಯಾಳ ಕಣ್ಣು ಒದ್ದೆಯಾಯಿತು. ಆ ಬಟ್ಟೆ ಅವಳ ಚಿತ್ರಕಥೆಯಲ್ಲೂ ಇತ್ತು, ನಾಲ್ಕನೆಯ ದೃಶ್ಯದಲ್ಲಿ: 'ಮಾವನ ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತಾಳೆ.' ಇಷ್ಟೇ. ಮುಂದೆ ಅದರ ಸುದ್ದಿಯೇ ಇಲ್ಲ. ಕಾರಣವನ್ನು ತಾನೇ ಚೀಲದಲ್ಲಿಟ್ಟು, ಊರೆಲ್ಲ ಹುಡುಕಿದ್ದಳು.

"ಒಳಗೆ ಬಂದು ಏನು ಹೇಳಿದ್ರಿ ಮಾವ? ಎಲ್ಲರೂ ನಕ್ಕಿದ್ದು ಯಾಕೆ?"

"ಮೈಕು ಇಸ್ಕೊಂಡೆ. ನಂಗೆ ಬಾಲ ಕೊಟ್ಟಿದೀರಿ, ಸಂತೋಷ. ಬಾಲ ಮನೆಯವರ ಪಾಲು. ಈ ಹುಡುಗೀನ ಏಳು ವರ್ಷ ಸಾಕಿದೀನಿ, ಹೇನು ಹೆಕ್ಕಿದೀನಿ, ಲೆಕ್ಕದಲ್ಲಿ ಫೇಲಾದಾಗ ಹೊಡೆದಿದೀನಿ, ಹೊಡೆದು ಅತ್ತಿದೀನಿ. ಹಾಗಾಗಿ ನಾನು ನೆಂಟ ಅಲ್ಲ, ಮನೆಯವನೇ. ಅಡುಗೆಯವರಿಗೆ ಇರೋ ಬುದ್ಧಿ ನಿಮಗ್ಯಾರಿಗೂ ಇರ್ಲಿಲ್ಲ ನೋಡಿ ಅಂದೆ."

ಎಂಟು ವರ್ಷ ಬರೀ ನಗುವೊಂದನ್ನೇ ಕಟ್ಟಿಟ್ಟುಕೊಂಡಿದ್ದವಳಿಗೆ ಆ ನಗುವಿನ ಒಳಗಿದ್ದ ಮಾತು ಈಗ ಕೈಗೆ ಬಂತು. "ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದಳು.

"ಹೇಳೋಕೆ ಹೊತ್ತೆಲ್ಲಿತ್ತು? ಐದು ಗಂಟೆಗೆ ಹಾಲ್ ಖಾಲಿ ಮಾಡ್ಬೇಕು, ಮುಂದಿನ ಮದುವೆಯವರು ಬಾಗಿಲಲ್ಲಿದಾರೆ ಅಂತ ಕೊನೇದನ್ನ ಹಾರಿಸಿದ್ರು. ಮಂಗಂಪು ಆಗ್ಲೇ ಇಲ್ಲ. ಎಲ್ಲರೂ ಹರಸಿ ಆದ ಮೇಲೆ ಮನೆಯವರು ಎದ್ದು ನಿಂತು, ನಿಮ್ಮ ಮಾತು ನಮಗೆ ಮುಟ್ಟಿತು, ಮೌಲಿಯಾತೆ, ಉಪಕಾರ ಆಯ್ತು ಅಂತ ಒಬ್ಬೊಬ್ಬರ ಹೆಸರು ಹಿಡಿದು ಹೇಳ್ಬೇಕಲ್ಲ, ಅದು. ನಿನ್ನ ಸಿನಿಮಾದಲ್ಲೂ ಇಲ್ಲ. ಕುಣಿಸಿ ಮುಗಿಸಿಬಿಟ್ಟಿದೀಯ. ಅಲ್ಲೂ ಹಾಲ್ ಖಾಲಿ ಮಾಡ್ಬೇಕಿತ್ತಾ?"

ಚುಚ್ಚಿ ಹೇಳಿದ್ದಲ್ಲ ಅದು. ಆದರೂ ಲಮ್ರಿಯಾಳಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಆ ಸಂಜೆಯೇ ಅವಳು ಎಪ್ಪತ್ತೊಂದನೆಯ ಪುಟ ಬರೆದಳು. ಮಾವ ಕಾರುಗಳ ನಡುವೆ ನಿಂತು ಚೀಲ ತೆರೆಯುತ್ತಾನೆ, ಬಟ್ಟೆ ನೋಡುತ್ತಾನೆ, ಮುಚ್ಚುತ್ತಾನೆ, ತಿರುಗುತ್ತಾನೆ. ಒಂದು ಮಾತೂ ಇಲ್ಲ. ಮಾತೆಲ್ಲ ನಾಲ್ಕನೆಯ ದೃಶ್ಯಕ್ಕೆ ಹೋಯಿತು, ಹಂದಿಗೂಡಿನ ಸಮೇತ. ಹಿಂದಿನ ಕೂಗಾಟವನ್ನು ಕಿತ್ತುಹಾಕಿದಳು. ಎಲ್ಲರೂ ಅವನು ಬಚ್ಚಲಿಗೆ ಹೋದನೆಂದೇ ತಿಳಿದು ಹುಡುಕುವುದು ಇನ್ನಷ್ಟು ನಗೆ ತರಿಸಿತು. ಕುಣಿತದ ಆಚೆಗೆ ಎರಡು ಪುಟ ಸೇರಿಸಿ ಮಂಗಂಪು ಬರೆದಳು. ಮರುದಿನ ಬೆಳಿಗ್ಗೆ ವಿಬಿಸೋನೊ ಫೋನು ಮಾಡಿದ.

"ಸರೋವರ ಬೇಡ ಬಿಡಿ," ಅಂದ. ಆಮೇಲೆ, "ನಮ್ಮತ್ತೆಗೆ ಫೋನ್ ಮಾಡಿ ಎರಡು ವರ್ಷ ಆಯ್ತು ರೀ," ಎಂದು ಇಟ್ಟುಬಿಟ್ಟ.

ಸಿನಿಮಾ ದಡ ಸೇರಿತು. ಆದರೆ ಲಮ್ರಿಯಾಳದೇ ಮದುವೆಯ ಮಂಗಂಪು ಇನ್ನೂ ಬಾಕಿಯಿತ್ತು. ಪೇಟೆಗೆ ಹೋಗಿ, ಕಸಾಯಿಯವನ ಎದುರು ನಿಂತು, ಅವನು ಕಟ್ಟಿದ್ದನ್ನು ಎರಡು ಸಲ ಬಿಚ್ಚಿಸಿ ನೋಡಿ, ಪಕ್ಕೆಲುಬು ತಂದಳು. ಅತ್ತೆಯ ಒಲೆಯಲ್ಲೇ ಬೇಯಿಸಿದಳು. ಮದುವೆಯ ಉಲೋಸನ್ನು ಅವಳು ಚಿತ್ರೀಕರಣದಲ್ಲಿ ತೋರಿಸಲೆಂದು ಜಕಾರ್ತದಿಂದ ತಂದಿದ್ದಳು. ಅದನ್ನು ಹೆಗಲಿಗೆ ಹಾಕಿಕೊಂಡು, ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮಾವನ ಮುಂದೆ ಇಟ್ಟಳು. ಅತ್ತೆ ಮಗ್ಗದ ಪಟ್ಟಿ ಬಿಚ್ಚಿ ಗಂಡನ ಪಕ್ಕ ಬಂದು ಕೂತಳು. ಲಮ್ರಿಯಾ ಎದ್ದು ನಿಂತಳು. ಸಿನಿಮಾಕ್ಕೆ ಎರಡು ಪುಟ ಬರೆದವಳಿಗೆ ಇಲ್ಲಿ ಎರಡು ಸಾಲು ಬರುವುದು ಕಷ್ಟವಾಯಿತು.

"ಹಾಲ್ ಖಾಲಿ ಮಾಡೋ ಅವಸರ ಇಲ್ಲ ಇವತ್ತು," ಎಂದು ಶುರು ಮಾಡಿದಳು. "ಮಾವ, ಹೇನು ಹೆಕ್ಕಿದ್ದಕ್ಕೆ ಮೌಲಿಯಾತೆ. ಲೆಕ್ಕದ ಹೊಡೆತಕ್ಕೂ. ಅತ್ತೆ, ಐದು ತಿಂಗಳ ಬಟ್ಟೆಗೆ ಮೌಲಿಯಾತೆ, ಅದರ ಜೊತೆ ಕಳಿಸಿದ ಮಾತಿಗೂ. ಮಾವ, ಅವತ್ತು ಎದ್ದು ಹೋಗಿದ್ದಕ್ಕೆ ಮೌಲಿಯಾತೆ. ನಮ್ಮಮ್ಮನಿಗೋಸ್ಕರ ಅವತ್ತು ಎದ್ದೋರು ನೀವೊಬ್ರೇ. ವಾಪಸ್ ಬಂದಿದ್ದಕ್ಕೂ ಮೌಲಿಯಾತೆ. ಅಮ್ಮ ಇದ್ದಿದ್ರೆ ಈ ತುಂಡು ತಪ್ತಿರ್ಲಿಲ್ಲ. ಇವತ್ತು ತಪ್ಪಿಲ್ಲ. ನಾನೇ ನಿಂತು ನೋಡಿ ತಂದಿದೀನಿ."

ಹೀಗೆ ಹೇಳಿದಾಗ ಕೇಳಿದವರು 'ಇಮಾ ತುತು', ಹಾಗೇ ಆಗಲಿ, ಎನ್ನಬೇಕು. ನಲವತ್ತು ವರ್ಷ ಊರಿಗೆಲ್ಲ ಮಾತಾಡಿದ ಮರೊಲೊಪ ಬಾಯಿ ತೆರೆದ, ಮುಚ್ಚಿದ. ತಟ್ಟೆಯನ್ನೇ ನೋಡುತ್ತಾ ಕೂತ.

"ಇಮಾ ತುತು," ಅಂದಳು ಅತ್ತೆ, ಅವನ ಪರವಾಗಿಯೂ.

ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, ಪಕ್ಕೆಲುಬಿನ ಮೊದಲ ತುಂಡು ಮುರಿದು ಹೆಂಡತಿಯ ಕೈಗೆ ಕೊಟ್ಟ, ಎರಡನೆಯದನ್ನು ಲಮ್ರಿಯಾಳಿಗೆ. ಮೂರನೆಯದನ್ನು ಯಾರಿಗೂ ಕೊಡದೆ, ತಂಗಿ ಚಿಕ್ಕವಳಿದ್ದಾಗ ಕೂರುತ್ತಿದ್ದ ಕಂಬದ ಹತ್ತಿರ ಒಂದು ಎಲೆಯ ಮೇಲೆ ಇಟ್ಟ.