ಬದಲಿ ಮಗಳು

“ಅಮ್ಮಾ, ಇವತ್ತೇ ಹೇಳ್ಬಿಡು ಅವಳಿಗೆ. ನಾಳೆ ನಾಡಿದ್ದು ಅಂತ ಎಳೀಬೇಡ,” ಎಂದಳು ಮಗಳು ಫೋನಿನಲ್ಲಿ.

ಲಾಂಡ್ರಿಯಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬಿಳಿ ಅಂಗಿಯೊಂದರ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಕೈ ಅಲ್ಲೇ ನಿಂತುಬಿಟ್ಟಿತು. ಸೀದ ವಾಸನೆ ಮೂಗಿಗೆ ಬಡಿದ ಮೇಲೆಯೇ ಇಸ್ತ್ರಿ ಎತ್ತಿದ್ದು. ಕಾಲರಿನ ಮೇಲೆ ಕಂದು ಕಲೆ ಮೂಡಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಗಿರಾಕಿಯ ಬಟ್ಟೆ ಸುಟ್ಟವಳಲ್ಲ ಅವಳು.

“ಡಾಕ್ಟರು ಕೈಚೆಲ್ಲಿದಾರೆ ಅಮ್ಮಾ. ಇನ್ನು ಕೆಲವೇ ದಿನ ಅಂತಿದಾರೆ. ಇಷ್ಟು ದಿನ ಅವಳಮ್ಮನೇ ಬೇಡ ಅಂತಿದ್ರು, ಮಗಳ ಪರೀಕ್ಷೆ ಕೆಡತ್ತೆ, ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಇವತ್ತು ಬೆಳಿಗ್ಗೆ ಅವರಾಗೇ ಕೇಳಿದ್ರು, ‘ಅವಳನ್ನ ಕರೆಸ್ತೀಯಾ’ ಅಂತ. ಫೋನಲ್ಲಿ ಹೇಳೋಕೆ ನನಗೆ ಧೈರ್ಯ ಇಲ್ಲ. ನೀನು ಪಕ್ಕದಲ್ಲಿ ಕೂತು, ಕೈ ಹಿಡ್ಕೊಂಡು ಹೇಳು. ಅಲ್ಲಿ ನಿನ್ನ ಬಿಟ್ರೆ ಯಾರಿದಾರೆ ಅವಳಿಗೆ?”

“ಹೇಳ್ತೀನಿ ಬಿಡು,” ಎಂದಳು ಲಾಂಡ್ರಿಯಮ್ಮ.

ಹಿಂದಿನ ಕೋಣೆಯಲ್ಲಿ, ಒಗೆಯುವ ಯಂತ್ರಗಳ ಗದ್ದಲದ ನಡುವೆ, ಗಂಡನೂ ಆ ಹುಡುಗಿಯೂ ಆಚೆ ಈಚೆ ನಿಂತು ದೊಡ್ಡ ಚಾದರಗಳನ್ನು ಮಡಿಸುತ್ತಿದ್ದರು. ಮೂಲೆಗೆ ಮೂಲೆ ಸೇರಿಸಿ, ಹತ್ತಿರ ಬಂದು, ಮತ್ತೆ ದೂರ ಸರಿದು. ಗಂಡ ಏನೋ ಚೇಷ್ಟೆ ಮಾಡಿದನೆಂದು ಕಾಣುತ್ತದೆ, ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು.

ವಿಶ್ವವಿದ್ಯಾಲಯದ ವಿನಿಮಯ ಯೋಜನೆಯಲ್ಲಿ ಬಂದವಳು ಅವಳು. ಇಲ್ಲಿಯ ವಿದ್ಯಾರ್ಥಿ ಒಂದು ವರ್ಷ ಆ ದೇಶಕ್ಕೆ, ಅಲ್ಲಿಯ ವಿದ್ಯಾರ್ಥಿ ಇಲ್ಲಿಗೆ. ಇವರ ಮನೆಯಲ್ಲಿ ಅವರು, ಅವರ ಮನೆಯಲ್ಲಿ ಇವರು. ಮಗಳ ಹಾಸಿಗೆ ಇನ್ನೂ ಆರುವ ಮುಂಚೆಯೇ ಎಂಬಂತೆ ಈ ಹುಡುಗಿ ಎರಡು ಪೆಟ್ಟಿಗೆ ಹೊತ್ತು ಬಂದಿಳಿದಿದ್ದಳು. “ಹಳೇದು ಕೊಟ್ಟು ಹೊಸದು ತಗೊಂಡಂಗಾಯ್ತು. ರಸೀದಿ ಜೋಪಾನ ಕಣೆ, ವಾಪಸ್ ಕೊಡೋವಾಗ ಕೇಳ್ತಾರೆ,” ಎಂದು ಗಂಡ ಅವತ್ತೇ ನಗಾಡಿದ್ದ. ‘ಬದಲಿ’ ಎಂದು ಹೆಸರಿಟ್ಟವನೂ ಅವನೇ. ಹುಡುಗಿಗೆ ಬೇಜಾರಾಗಲಿಲ್ಲ, ಕರೆದರೆ ಓಗೊಡುತ್ತಿದ್ದಳು. ಪುಸ್ತಕ ಓದಿ ಕಲಿತ ಮಾತು ಅವಳದು. “ಚಿಕ್ಕಮ್ಮ, ನಾನು ಈ ಗುಂಡಿಗಳನ್ನು ಹೊಲಿಯಲೇ?” ಎಂದು ಕೇಳಿದರೆ ಗಂಡ ಕೈಮುಗಿದು, “ಹೊಲಿಯುವಂಥವಳಾಗು ತಾಯಿ!” ಎನ್ನುತ್ತಿದ್ದ. ಅಮ್ಮನ ತಂಗಿಯೆಂದರೆ ಅಮ್ಮನೇ ಎಂದು ಅವಳ ಪಾಠದಲ್ಲಿ ಇತ್ತಂತೆ, ಅದಕ್ಕೇ ಚಿಕ್ಕಮ್ಮ.

ಬಂದ ದಿನ ಅವಳು ಕೊಟ್ಟ ಉಡುಗೊರೆ ಲಾಂಡ್ರಿಯಮ್ಮನ ಮೂಗಿನ ಮೇಲೆಯೇ ಇತ್ತು. ಹುಡುಗಿಯ ತಾಯಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸದವಳು. ಗಂಡನಿಲ್ಲದೆ ಒಬ್ಬಳೇ ಮಗಳನ್ನು ಸಾಕಿದವಳು. ‘ನನ್ನ ಮಗಳನ್ನು ನೋಡಿಕೊಳ್ಳುವವರ ಕಣ್ಣು ಚೆನ್ನಾಗಿರಲಿ’ ಎಂದು, ಹುಡುಗಿಯರ ಮೂಲಕ ಮೊದಲೇ ಅಳತೆ ತರಿಸಿಕೊಂಡು, ತಾನೇ ಕೂತು ಉಜ್ಜಿ ಕಳಿಸಿದ್ದಳು. ಹತ್ತಿರಕ್ಕೂ ದೂರಕ್ಕೂ ಒಂದೇ ಕನ್ನಡಕ. ಅಲ್ಲಿಯವರೆಗೆ ಬಟ್ಟೆಯ ಒಳಮಡಿಕೆಗೆ ಗುರುತಿನ ಚೀಟಿ ಹೊಲಿಯಲು ಸೂಜಿಗೆ ದಾರ ಪೋಣಿಸಿಕೊಡಿ ಎಂದು ಗಂಡನ ಕೈಕಾಲು ಹಿಡಿಯಬೇಕಾಗಿತ್ತು. ಕನ್ನಡಕ ಬಂದ ಮೇಲೆ ಆ ಕಾಟ ತಪ್ಪಿತು. ಆ ತಾಯಿಯ ಮುಖ ನೋಡದಿದ್ದರೂ ಮನೆಯಲ್ಲಿ ಎಲ್ಲರೂ ಅವಳನ್ನು ಕನ್ನಡಕದಮ್ಮ ಎಂದೇ ಕರೆಯುತ್ತಿದ್ದರು.

ಆ ಕನ್ನಡಕದಮ್ಮ ಈಗ ಸಾಯುತ್ತಿದ್ದಳು. ಇವಳ ಮಗಳು ಅವಳ ಪಕ್ಕದಲ್ಲಿ ಕೂತಿದ್ದಳು.

ಹೇಳಬಾರದೆಂದೇನೂ ಲಾಂಡ್ರಿಯಮ್ಮನಿಗೆ ಇರಲಿಲ್ಲ. ಚಾದರಗಳ ಕೋಣೆಯ ಬಾಗಿಲವರೆಗೆ ಹೋದಳು ಕೂಡ. ಅಷ್ಟರಲ್ಲಿ ವಿಶ್ವವಿದ್ಯಾಲಯದ ಕಚೇರಿಯ ಗುಮಾಸ್ತ ಸಹಿ ಹಾಕಿಸಿಕೊಳ್ಳುವಾಗ ಹೇಳಿದ್ದು ನೆನಪಾಯಿತು. “ಇದು ಜೋಡಿ ಸೀಟು ಕಣ್ರಮ್ಮ. ಒಬ್ಬರು ನಡುವೆ ಬಿಟ್ಟು ಹೋದ್ರೆ ಇನ್ನೊಬ್ಬರದ್ದೂ ಹೋಯ್ತು. ಆಮೇಲೆ ಬಂದು ಗೋಳಾಡ್ಬೇಡಿ.” ಆವತ್ತಿನಿಂದ ಆ ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಆ ಹುಡುಗಿಗೆ ನೆಗಡಿಯಾದರೂ ಇವಳು ಕಷಾಯ ಕಾಯಿಸಲು ಓಡುತ್ತಿದ್ದಳು. ಮಗಳು ಈ ವರ್ಷ ಪೂರಾ ಮುಗಿಸಿದರೆ ಮುಂದಿನ ಓದಿಗೂ ಅಲ್ಲೇ ಜಾಗ ಕೊಡುತ್ತೇವೆಂದು ಅಲ್ಲಿಯ ಮೇಷ್ಟರು ಹೇಳಿದ್ದರು. ಮುಗಿಸದಿದ್ದರೆ? ವಾಪಸ್ಸು ಬಂದು ಇದೇ ಹಬೆಯಲ್ಲಿ, ಇದೇ ಮೇಜಿನ ಮುಂದೆ ನಿಲ್ಲಬೇಕು. ಚಿಕ್ಕಂದಿನಲ್ಲೇ ಇಸ್ತ್ರಿ ತಗುಲಿ ಮಗಳ ಬಲಗೈ ಬೆರಳಿನ ಮೇಲೆ ಸುಟ್ಟ ಗುರುತು ಉಳಿದಿತ್ತು. ಅವಳು ಬಾಗಿಲಿಂದ ಹಿಂದಿರುಗಿ ಬಂದು ಸುಟ್ಟ ಕಾಲರನ್ನು ನೆನೆಹಾಕಿದಳು.

ಸಂಜೆ ಬದಲಿಯೇ ಹತ್ತಿರ ಬಂದು ಕೂತಳು.

“ಚಿಕ್ಕಮ್ಮ, ನನ್ನ ತಾಯಿಯ ಧ್ವನಿ ತುಂಬಾ ಸಣ್ಣದಾಗಿದೆ. ಮುಖ ತೋರಿಸು ಎಂದರೆ ಫೋನು ಕೆಟ್ಟಿದೆ ಎನ್ನುತ್ತಾರೆ. ನಿಮ್ಮ ಮಗಳು ಏನಾದರೂ ಹೇಳಿದಳೇ?”

ಮಗಳು ಹೇಳಿದ್ದಳು, ಎಲ್ಲವನ್ನೂ ಹೇಳಿದ್ದಳು. ಪ್ರತಿ ಭಾನುವಾರ ಆ ತಾಯಿಗೆ ತಲೆ ಬಾಚಿ, ಕೆನ್ನೆಗೆ ಬಣ್ಣ ಹಚ್ಚಿ, ಬೆನ್ನಿಗೆ ದಿಂಬು ಕೊಟ್ಟು, ಕಿಟಕಿಯ ಬೆಳಕಿಗೆ ಮುಖ ಮಾಡಿಸಿ ಫೋನಿನ ಮುಂದೆ ಕೂರಿಸುತ್ತಿದ್ದವಳು ಅವಳೇ. ಈಗ ಕೂರಿಸಲೂ ಆಗುತ್ತಿರಲಿಲ್ಲ.

“ಏನಿಲ್ವಮ್ಮಾ. ನೆಗಡಿಯಂತೆ, ಗಂಟಲು ಕಟ್ಟಿದೆಯಂತೆ. ನೀನು ಓದ್ಕೋ ಹೋಗು,” ಎಂದಳು ಲಾಂಡ್ರಿಯಮ್ಮ. ಹುಡುಗಿ ಹಗುರಾಗಿ, “ಹಾಗಾದರೆ ಸರಿ,” ಎಂದು ಎದ್ದುಹೋದಳು. ಎಷ್ಟು ಸುಲಭವಾಗಿ ನಂಬಿಬಿಟ್ಟಳು!

ಮಗಳ ಫೋನಿನ ಸುದ್ದಿಯನ್ನು ಮಧ್ಯಾಹ್ನವೇ ಅವಳಿಂದ ತಿಳಿದಿದ್ದ ಗಂಡನಿಗೆ ಈ ಮಾತು ಕೇಳಿಸಿತ್ತು. ಅಂಗಡಿಯ ಶಟರು ಎಳೆಯುವಾಗ ಅವನು ಅವಳ ಮುಖ ನೋಡದೆ ಹೇಳಿದ.

“ತಪ್ಪು ಮಾಡ್ತಿದೀಯ ಕಣೆ.”

“ಪರೀಕ್ಷೆ ಮುಗೀಲಿ, ಹೇಳ್ತೀನಿ.”

“ಸಾವು ಪರೀಕ್ಷೆ ಮುಗಿಯೋವರೆಗೂ ಕಾಯತ್ತಾ? ಕಚೇರೀಲಿ ಒಂದ್ಸಲ ಕೇಳಿ ನೋಡೋಣ, ಏನಾದ್ರೂ ದಾರಿ ಇರಬಹುದು.”

“ಕೇಳೋದು ಬೇಡ! ಕೇಳಿದ್ರೆ ಅವರಿಗೆ ಗೊತ್ತಾಗತ್ತೆ, ಗೊತ್ತಾದ್ರೆ ಈ ಹುಡುಗೀನ ಕಳಿಸ್ತಾರೆ, ನಮ್ಮವಳನ್ನ ವಾಪಸ್ ಕರೆಸ್ತಾರೆ. ನಿಮ್ಮ ಮಗಳು ನಾಳೆ ಬಂದು ಇಲ್ಲಿ ಕಲೆ ಉಜ್ಜುತ್ತಾ ನಿಂತಾಗ ನೀವೇ ಸಮಾಧಾನ ಹೇಳಿ. ನೀವು ಬಾಯಿ ಬಿಟ್ರೆ ನನ್ನ ಹೆಣ ನೋಡ್ತೀರಿ.”

ನಗಿಸುವ ಗಂಡಸರು ಹೆಚ್ಚಿನವರು ಜಗಳಕ್ಕೆ ಹೆದರುತ್ತಾರೆ. ಇವನೂ ಬಾಯಿಗೆ ಬೀಗ ಹಾಕಿಕೊಂಡ. ಮಾರನೆಯ ದಿನದಿಂದ ಚಾದರ ಮಡಿಸುವಾಗ ನಗು ಕೇಳಿಸಲಿಲ್ಲ. ‘ಬದಲಿ’ ಎಂದು ಕರೆಯುವುದನ್ನೂ ಬಿಟ್ಟ.

ಒಂದು ಸುಳ್ಳು ಒಂದೇ ಆಗಿ ಉಳಿದಿದ್ದರೆ ಹೇಗೋ ಆಗುತ್ತಿತ್ತೇನೋ. ಮಗಳು ಮತ್ತೆ ಫೋನು ಮಾಡಿದಳು.

“ಹೇಳಿದ್ಯಾ ಅಮ್ಮಾ?”

“ಹೇಳ್ದೆ.”

“ತುಂಬಾ ಅತ್ಲಾ?”

“ಅಳದೆ ಇರ್ತಾಳಾ? ಟಿಕೆಟ್ ನೋಡ್ತಿದಾರೆ ನಿಮ್ಮಪ್ಪ. ಹೊರಡ್ತಾಳೆ. ನೀನು ಅವಳಿಗೆ ಫೋನ್ ಮಾಡ್ಬೇಡ. ಅಮ್ಮನ ಮುಖ ನೋಡೋವರೆಗೂ ಯಾರ ಹತ್ರಾನೂ ಈ ಮಾತು ಆಡಲ್ಲ ಅಂತ ಹೇಳಿದಾಳೆ.”

“ಸರಿ ಹಾಗಾದ್ರೆ, ಇವರಿಗೆ ಹೇಳ್ತೀನಿ, ಹೊರಟಿದಾಳೆ ಅಂತ. ಅದನ್ನ ಕೇಳಿದ್ರೆ ಇನ್ನೆರಡು ದಿನ ಜಾಸ್ತಿ ಉಸಿರು ಹಿಡ್ಕೋತಾರೆ,” ಎಂದು ಮಗಳು ಅಳುತ್ತಲೇ ನಕ್ಕಳು. “ನೀನಿರೋದಕ್ಕೆ ಆಯ್ತಮ್ಮಾ.”

ಲಾಂಡ್ರಿಯಮ್ಮ ಫೋನಿಟ್ಟು ಸೂಜಿ ದಾರ ಕೈಗೆತ್ತಿಕೊಂಡಳು. ಯಾವ ಬಟ್ಟೆ ಯಾವ ಮನೆಯದೆಂದು ಗುರುತು ಹೊಲಿಯುವುದು ಅವಳದೇ ಕೆಲಸ. ಒಂದೇ ಒಂದು ಕರವಸ್ತ್ರವೂ ಬೇರೆಯವರ ಮನೆಗೆ ಹೋದದ್ದಿಲ್ಲವೆಂದು ಅವಳಿಗೆ ಜಂಬ. ಅವತ್ತು ಎರಡು ಸಲ ತಪ್ಪು ಚೀಟಿ ಹೊಲಿದು ಬಿಚ್ಚಿದಳು. ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು. ಕೊನೆಗೆ ಅದನ್ನು ಗಲ್ಲಾ ಪೆಟ್ಟಿಗೆಯ ಮೇಲಿಟ್ಟು ಹಳೆಯ ಕಾಲದಂತೆ ಕಣ್ಣು ಕಿರಿದು ಮಾಡಿಕೊಂಡು ಹೊಲಿಯತೊಡಗಿದಳು.

ಕೊನೆಯ ಪರೀಕ್ಷೆಯ ದಿನ ಬದಲಿ ಅವಳ ಕಾಲುಮುಟ್ಟಿ ಹೋಗಿದ್ದಳು. ಅದನ್ನೂ ಯಾವ ಪಾಠದಲ್ಲಿ ಓದಿದ್ದಳೋ. ಅವಳು ಆಚೆ ಹೋದ ಸ್ವಲ್ಪ ಹೊತ್ತಿಗೇ ಮಗಳ ಫೋನು ಬಂತು.

“ಅವಳೆಲ್ಲಮ್ಮಾ? ವಿಮಾನದಲ್ಲಿದಾಳಾ?”

ಲಾಂಡ್ರಿಯಮ್ಮ ಇಸ್ತ್ರಿಯ ಸ್ವಿಚ್ಚು ಆರಿಸಿದಳು.

“ಅಮ್ಮಾ, ಹೋಗಿಬಿಟ್ರು. ಬೆಳಿಗ್ಗೆ. ನಿನ್ನೆಯಿಂದ ಬಾಗಿಲ ಕಡೆಯೇ ಮುಖ. ಕಣ್ಣು ಏನೂ ಕಾಣಿಸ್ತಿರ್ಲಿಲ್ಲ ಅವರಿಗೆ. ನಾನು ನೀರು ತರೋಕೆ ಅಂತ ಹೋಗಿ ಬಂದೆ, ಹೆಜ್ಜೆ ಸದ್ದಿಗೆ ‘ಬಂದ್ಯಾ?’ ಅಂದ್ರು. ನಾನೇನು ಮಾಡ್ಲಿ ಹೇಳು? ಅವಳ ಸ್ವೆಟರ್ ಗೂಟದಲ್ಲಿತ್ತು, ಹಾಕ್ಕೊಂಡು ಹೋಗಿ ಕೂತು, ಅವರ ಭಾಷೇಲೇ ‘ಬಂದೆ ಅಮ್ಮಾ’ ಅಂದೆ. ನನ್ನ ಕೈ ತಗೊಂಡ್ರು. ಒಂದೊಂದೇ ಬೆರಳು ಮುಟ್ಟಿ ನೋಡಿದ್ರು. ಸುಟ್ಟ ಗುರುತು ಇದೆಯಲ್ಲ, ಅಲ್ಲಿ ಅವರ ಬೆರಳು ನಿಂತ್ಕೊಳ್ತು. ಆಮೇಲೆ ಕೈ ಬಿಟ್ಬಿಟ್ರು ಅಮ್ಮಾ. ಗೊತ್ತಾಯ್ತು ಅವರಿಗೆ. ಏನೂ ಅನ್ನಲಿಲ್ಲ, ಮುಖ ಆ ಕಡೆ ತಿರುಗಿಸ್ಕೊಂಡ್ರು.”

ಆ ತುದಿಯಲ್ಲಿ ಬಿಕ್ಕಿ ಅಳುವ ಸದ್ದು. ನಂತರ ಮಗಳ ಧ್ವನಿ ನಿಧಾನವಾಗಿ ಬೇರೆಯಾಯಿತು.

“ಅವಳು ಎಲ್ಲಿದಾಳೆ ಅಂತ ಕೇಳ್ದೆ ನಾನು.”

“ಪರೀಕ್ಷೆಗೆ ಹೋಗಿದಾಳೆ.”

“ಪರೀಕ್ಷೆಗಾ? ನೀನು... ಹೇಳೇ ಇಲ್ವಾ ಅವಳಿಗೆ?”

“ನಿನಗೋಸ್ಕರ ಕಣೆ. ನಿನ್ನ ಸೀಟು—”

“ನನ್ನ ಹೆಸರು ಹೇಳ್ಬೇಡ,” ಎಂದಳು ಮಗಳು. ಇಷ್ಟು ತಣ್ಣಗೆ ಅವಳು ಯಾವತ್ತೂ ಮಾತಾಡಿದವಳಲ್ಲ. “ಅವಳಿಗೆ ನೀನೇ ಹೇಳು. ಎಲ್ಲಾನೂ. ಇಲ್ಲಿ ಬಂದು ನನ್ನ ಕೇಳಿದ್ರೆ ನಾನಂತೂ ಸುಳ್ಳು ಹೇಳಲ್ಲ.”

ಬದಲಿ ನಗುನಗುತ್ತಾ ಬಂದಳು, ಪರೀಕ್ಷೆ ಸುಲಭವಿತ್ತಂತೆ. ಲಾಂಡ್ರಿಯಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿ, ಮಗಳು ಹೇಳಿಕೊಟ್ಟಂತೆಯೇ ಕೈ ಹಿಡಿದುಕೊಂಡಳು. ಹೇಳಿಕೊಟ್ಟು ಎಷ್ಟು ದಿನವಾಗಿತ್ತು! “ನಿಮ್ಮಮ್ಮ ತೀರ್ಕೊಂಡ್ರು ಕಣಮ್ಮಾ, ಇವತ್ತು ಬೆಳಿಗ್ಗೆ,” ಎಂದಳು. ಹುಡುಗಿ ಕೂಗಾಡಲಿಲ್ಲ. ಪುಸ್ತಕದ ಮಾತೆಲ್ಲ ಮರೆತುಹೋಗಿ ತನ್ನ ಭಾಷೆಯಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತಾ ಚಿಕ್ಕಮ್ಮನ ಮಡಿಲಲ್ಲಿ ಮುಖವಿಟ್ಟಳು. ಅದು ಯಾವ ಪದವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಡ ವಿಶ್ವವಿದ್ಯಾಲಯದ ಕಚೇರಿಗೆ ಓಡಿದ. ಲಾಂಡ್ರಿಯಮ್ಮನೂ ಜೊತೆಗೆ ಹೋದಳು. ಅದೇ ಗುಮಾಸ್ತ, ವಿಷಯ ಕೇಳಿ ಲೊಚಗುಟ್ಟಿದ.

“ಛೆ ಛೆ, ಪಾಪ. ಕಳಿಸಿಕೊಡಿ, ಹೋಗಿ ಬರಲಿ. ಮನೇಲಿ ಕಾಯಿಲೆ, ಸಾವು ಅಂದ್ರೆ ರಜ ಕೊಡ್ತೀವಿ, ಪರೀಕ್ಷೆ ಆಮೇಲೆ ಬರೀಬಹುದು.”

“ಸೀಟು?” ಎಂದಳು ಲಾಂಡ್ರಿಯಮ್ಮ.

“ಸೀಟಿಗೇನಾಗತ್ತೆ? ಬಿಟ್ಟು ಹೋದ್ರೆ ತಾನೇ ಆ ಮಾತು. ತಾಯಿ ಹುಷಾರಿಲ್ಲ ಅಂತ ಆಗಲೇ ಒಂದು ಮಾತು ಹೇಳಿದ್ರೆ ಆಗಲೇ ಕಳಿಸ್ತಿದ್ವಲ್ಲಮ್ಮ. ಯಾಕೆ, ನಿಮಗೆ ಗೊತ್ತಾಗ್ಲಿಲ್ವಾ?”

ಗಂಡ ಕಿಟಕಿಯ ಕಡೆ ತಿರುಗಿ ನಿಂತ. ದಾರಿಯುದ್ದಕ್ಕೂ ಅವನು ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ದಿನ ಹೊರಡುವ ಹೊತ್ತಿಗೆ ಟ್ಯಾಕ್ಸಿ ಅಂಗಡಿಯ ಮುಂದೆ ಬಂದು ನಿಂತಿತು. ಲಾಂಡ್ರಿಯಮ್ಮ ಹುಡುಗಿಯ ಬಟ್ಟೆಗಳಿಗೆಲ್ಲ ತಾನೇ ಇಸ್ತ್ರಿ ಹಾಕಿ ಪೆಟ್ಟಿಗೆ ತುಂಬಿದ್ದಳು. ಒಂದೊಂದು ಮಡಿಕೆ ಮಾಡುವಾಗಲೂ ‘ಈಗ ಹೇಳುತ್ತೇನೆ, ಈಗ’ ಎಂದುಕೊಂಡಿದ್ದಳು. ಪೆಟ್ಟಿಗೆ ತುಂಬಿತು, ಬೀಗವೂ ಬಿತ್ತು. ಗಂಡ ಅದನ್ನು ಹೊತ್ತು ಟ್ಯಾಕ್ಸಿಯಲ್ಲಿಟ್ಟು, ಹುಡುಗಿಯ ತಲೆ ಸವರಿ, ಅವಳೆದುರು ನಿಲ್ಲಲಾರದೆ ಒಳಗೆ ಹೋಗಿಬಿಟ್ಟ.

“ನೋಡಮ್ಮಾ, ನಿನಗೊಂದು ಮಾತು ಹೇಳ್ಬೇಕು,” ಎಂದಳು ಲಾಂಡ್ರಿಯಮ್ಮ. ಕಣ್ಣಲ್ಲಿ ನೀರು ಬಂದೇಬಿಟ್ಟಿತು. “ನಾನು...”

“ಅಳಬೇಡಿ ಚಿಕ್ಕಮ್ಮ.” ಹುಡುಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಅತ್ತು ಅತ್ತು ಅವಳದೇ ಕಣ್ಣು ಊದಿತ್ತು. “ನೀವು ಏಕೆ ನೊಂದುಕೊಳ್ಳುತ್ತೀರಿ? ನಿಮಗೆ ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ?”

ಲಾಂಡ್ರಿಯಮ್ಮ ಬಾಯಿ ತೆರೆದಳು. ಟ್ಯಾಕ್ಸಿಯವನು ಹಾರ್ನ್ ಹೊಡೆದ. ತೆರೆದ ಬಾಯಿ ಹಾಗೆಯೇ ಮುಚ್ಚಿತು.

“ನಿಮ್ಮ ಕನ್ನಡಕ ಎಲ್ಲಿ?” ಎಂದು ಹುಡುಗಿ ಸುತ್ತ ನೋಡಿದಳು. ಗಲ್ಲಾ ಪೆಟ್ಟಿಗೆಯ ಮೇಲೆ ಅದು ಇತ್ತು, ಎಷ್ಟೋ ದಿನದ ಹಬೆಯೂ ಧೂಳೂ ಕೂತು ಗಾಜು ಮಂಜಾಗಿತ್ತು. ಎತ್ತಿಕೊಂಡಳು. ಬಾಯಿಂದ ಹಹ್ ಎಂದು ಉಸಿರು ಬಿಟ್ಟು, ಅಂಗಿಯ ಅಂಚಿನಿಂದ ಒಂದೊಂದೇ ಗಾಜನ್ನು ಒಳಗೂ ಹೊರಗೂ ಉಜ್ಜಿದಳು, ಬೆಳಕಿಗೆ ಹಿಡಿದು ನೋಡಿದಳು, ಇನ್ನೊಮ್ಮೆ ಉಜ್ಜಿದಳು. “ನನ್ನ ತಾಯಿ ಹೀಗೆ ಮಾಡುತ್ತಿದ್ದರು,” ಎಂದಳು. ಆಮೇಲೆ ಎರಡೂ ಕೈಯಿಂದ ಅದನ್ನು ಚಿಕ್ಕಮ್ಮನ ಕಿವಿಗಳಿಗೆ ಸಿಕ್ಕಿಸಿ, ಮೂಗಿನ ಮೇಲೆ ಸರಿಯಾಗಿ ಕೂರಿಸಿ, ಬಗ್ಗಿ ಟ್ಯಾಕ್ಸಿಯೊಳಗೆ ಕೂತಳು.

ಟ್ಯಾಕ್ಸಿ ಹೊರಟಿತು. ಹಿಂದಿನ ಗಾಜಿನಲ್ಲಿ ಹುಡುಗಿಯ ಮುಖ, ಬೀಸುತ್ತಿದ್ದ ಕೈ. ಲಾಂಡ್ರಿಯಮ್ಮ ಕನ್ನಡಕ ತೆಗೆಯಲೆಂದು ಕೈ ಎತ್ತಿದಳು, ಹುಡುಗಿ ಅದನ್ನು ವಿದಾಯವೆಂದುಕೊಂಡು ಇನ್ನೂ ಜೋರಾಗಿ ಕೈ ಬೀಸಿದಳು. ಬೀದಿಯ ಕೊನೆಯ ತಿರುವಿನವರೆಗೂ ಆ ಮುಖದ ಒಂದೊಂದು ಗೆರೆಯೂ ಸ್ಪಷ್ಟವಾಗಿ ಕಾಣುತ್ತಲೇ ಇತ್ತು.