ಹನ್ನೊಂದನೇ ನಂಬರಿನ ಕೊಕ್ಕೆ

ಪಟ್ಟಣದ ನದಿಯ ಮೇಲೆ ಹೊಸ ಹೆದ್ದಾರಿ ಸೇತುವೆ ಏಳುತ್ತಿದೆಯಲ್ಲ, ಅದರ ಉಕ್ಕಿನ ಕಮಾನನ್ನು ಎಡಗೈಯಲ್ಲಿ ಎತ್ತಿ ನಿಲ್ಲಿಸಿದವನು ಗಾಳಿಪಟ. ಬಲಗೈಯಲ್ಲಿ ಚಹಾದ ಲೋಟ ಇತ್ತು. ಒಂದು ಹನಿ ಚೆಲ್ಲಲಿಲ್ಲ.

ಹಾಗಂತ ಅವನೇ ಹೇಳುತ್ತಿದ್ದ. ಕಮಾನಿನ ನೆತ್ತಿಯಲ್ಲಿ ಬೋಲ್ಟ್ ಬಿಗಿಯುವುದು ಅವನ ಕೆಲಸ. ಮಾತು ಅದಕ್ಕಿಂತ ಎತ್ತರ, ಅದಕ್ಕೇ ಆ ಅಡ್ಡಹೆಸರು. "ಸೊಂಟಕ್ಕೆ ಬೆಲ್ಟು, ಕಂಬಿಗೆ ಕೊಕ್ಕೆ, ಇದೆಲ್ಲ ಪುಕ್ಕಲರಿಗೆ. ನಾನು ಕೈ ಬೀಸ್ಕೊಂಡು ಓಡಾಡ್ತೀನಿ" ಎಂದು ಊಟಕ್ಕೆ ಕೂತಾಗಲೆಲ್ಲ ಬಿಡುತ್ತಿದ್ದ.

ನಂಬಿದವನು ಒಬ್ಬನೇ, ಅವನ ಷಡ್ಡಕ. ಅದೇ ಕಮಾನಿಗೆ ಬಣ್ಣ ಬಳಿಯುವವನು. ಬೆಲ್ಟು ಕಟ್ಟಿಕೊಳ್ಳುತ್ತಿದ್ದ, ಕೊಕ್ಕೆ ಹಾಕುತ್ತಿರಲಿಲ್ಲ. ಒಂದು ದಿನ ಹಸಿ ಬಣ್ಣದ ಮೇಲೆ ಕಾಲು ಜಾರಿತು. ಎರಡಾಳುದ್ದ ಕೆಳಗಿದ್ದ ಹಲಗೆಯ ಮೇಲೆ ಬಿದ್ದು ಭುಜದ ಮೂಳೆ ಮುರಿಯಿತು. ಒಂದು ಗೇಣು ಆಚೆಯಾಗಿದ್ದರೆ ನದಿಯೇ.

ಗಾಳಿಪಟ ಹೆಂಡತಿಯ ಜೊತೆ ಅವನನ್ನು ನೋಡಲು ಮನೆಗೆ ಹೋದ. ಮಂಚದ ಮೇಲಿಂದ ಷಡ್ಡಕ ನಕ್ಕ. "ವಾಸಿಯಾದ ಮೇಲೂ ಕೊಕ್ಕೆ ಹಾಕಲ್ಲ ಅಣ್ಣ. ನೀನು ಹಾಕ್ತೀಯಾ?"

ಗಾಳಿಪಟನ ಕೈ ಮೀಸೆಗೆ ಹೋಯಿತು. ಅಷ್ಟರಲ್ಲಿ ನಾದಿನಿ ಎರಡು ಬೆಲ್ಟು ತಂದು ಅವನ ತೊಡೆಯ ಮೇಲೆ ಕುಕ್ಕಿದಳು. ಸೇತುವೆ ಕೆಲಸದ ಸ್ಟೋರಿನಲ್ಲಿ ದಿನಾ ಬೆಲ್ಟು ಕೊಟ್ಟು, ವಾಪಸ್ ಪಡೆಯುವವಳು ಅವಳೇ. ಇವನ್ನೂ ಅಲ್ಲಿಂದಲೇ ತಂದಿದ್ದಳು.

"ಭಾವ, ಇದು ಇವರದು. ಕೊಕ್ಕೆ ನೋಡಿ, ಅಂಗಡಿ ಹೊಳಪು ಹಾಗೇ ಇದೆ. ಇನ್ನೊಂದರ ಕೊಕ್ಕೆ ಕಂಬಿಗೆ ಉಜ್ಜಿ ಉಜ್ಜಿ ಮೈತುಂಬ ಗೀರು. ಅದು ಯಾರದು, ನೀವೇ ಹೇಳಿ."

ಗಾಳಿಪಟ ಕೆಮ್ಮಿದ. "ಅದಲುಬದಲಾಗಿರಬೇಕು."

"ಹನ್ನೊಂದನೇ ನಂಬರು. ನಿಮ್ಮದೇ. ನಾನು ಬೆಳಿಗ್ಗೆ ಕೈಯಾರೆ ಬೆಲ್ಟು ಕೊಡೋದು, ನೀವು ಊಟದ ಹೊತ್ತಿಗೆ ಬಾಯಲ್ಲೇ ಅದರ ಕೊಕ್ಕೆ ಬಿಚ್ಚಿಸೋದು. ನಿಮ್ಮ ಪ್ರಾಣ ಕೊಕ್ಕೆಯಲ್ಲಿ ಜೋಪಾನ, ನನ್ನ ಗಂಡನ ಪ್ರಾಣ ನಿಮ್ಮ ಬಡಾಯಿಗೆ. ನಾಚಿಕೆ ಆಗಲ್ವಾ?"

"ಹೇಳ್ರೀ" ಎಂದಳು ಹೆಂಡತಿ. "ಇಲ್ಲಾಂದ್ರೆ ನಾನೇ ಹೇಳ್ತೀನಿ, ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೂ ನನ್ನ ಕೈಲಿ ಹಿಡಿಸ್ಕೋತೀರಿ ಅಂತ."

ಗಾಳಿಪಟ ನೆಲ ನೋಡಿದ. "ಹಾಕ್ತೀನಪ್ಪ. ಎರಡು ಕೊಕ್ಕೆ. ಒಂದು ಹಾಕಿದ ಮೇಲೇ ಇನ್ನೊಂದು ತೆಗೆಯೋದು. ಕೆಳಗೆ ನೋಡಿದ್ರೆ ಇವತ್ತಿಗೂ ಕಾಲು ನಡುಗುತ್ತೆ."

ಷಡ್ಡಕ ಸರಿಯಿದ್ದ ಕೈಯಿಂದ ತನ್ನ ಬೆಲ್ಟು ಎಳೆದುಕೊಂಡ. "ನನ್ನ ಕೊಕ್ಕೆಗೂ ಗೀರು ಬೀಳಲಿ."

ಎತ್ತರದಲ್ಲಿ ದುಡಿಯುವವರೇ, ಬೆಲ್ಟು ಕಟ್ಟಿಕೊಂಡರೆ ಸಾಲದು. ತಲೆಗಿಂತ ಮೇಲಿನ ಗಟ್ಟಿ ಆಸರೆಗೆ ಕೊಕ್ಕೆ ಹಾಕಿ. ಬೆಲ್ಟಾಗಲಿ ಕೊಕ್ಕೆಯಾಗಲಿ ಸವೆದಿದ್ದರೆ ಹೊಸದು ಕೇಳಿ, ಕೊಡುವವರೆಗೆ ಹತ್ತಬೇಡಿ. ಹಾಕದೆ ಓಡಾಡುತ್ತೇನೆ ಎನ್ನುವವನ ಮಾತು ಬಿಡಿ, ಕೊಕ್ಕೆ ನೋಡಿ.

ಅಂದ ಹಾಗೆ, ಕಮಾನನ್ನು ಎತ್ತಿದ್ದು ಕ್ರೇನು. ಗಾಳಿಪಟನ ಎಡಗೈ ಆಗ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಬಲಗೈಯೂ.